ಫ್ರಾನ್ಸಿನ ವಾಣಿಜ್ಯಶಾಲೆಗಳೂ ನಮ್ಮ ವಿದ್ಯಾರ್ಥಿಗಳೂ

ನಮ್ಮ ದೇಶದ ತರುಣರು ವಿದ್ಯಾರ್ಜನೆಗಾಗಿ ಹೊರದೇಶಗಳಿಗೆ ಹೋಗುವುದು ಹೊಸ ಸಂಗತಿಯೇನಲ್ಲ. ಹಿಂದೆ ಹೋಗುತ್ತಿದ್ದವರು ವರ್ಷಗಟ್ಟಲೆ ಅಲ್ಲಿಯೇ ನಿಂತು ಪದವಿಯನ್ನು ಸಂಪಾದಿಸಿಕೊಂಡು ಮರಳುತ್ತಿದ್ದರು. ಈಗ ಅದರ ಜೊತೆಗೆ ಇನ್ನೊಂದು ಕ್ರಮವು ರೂಢಿಗೆ ಬಂದಿದೆ. ಸ್ವದೇಶದ ವಿದ್ಯಾಶಾಲೆಯಲ್ಲಿಯೇ ಹೆಸರನ್ನಿಟ್ಟುಕೊಂಡು, ಅಲ್ಲಿಗೇ ಶುಲ್ಕವನ್ನು ತೆತ್ತು, ಒಂದು ಸೆಮಿಸ್ಟರ್ ಮಾತ್ರ ಪರದೇಶದ ಶಾಲೆಯೊಂದರಲ್ಲಿ ಓದಿ ಬರುವ ಈ ಕ್ರಮಕ್ಕೆ ವಿನಿಮಯ ವಿದ್ಯಾಭ್ಯಾಸವೆಂದು ಹೆಸರು. ಅಲ್ಲಿಯ ಶಾಲೆಯು ನಮ್ಮವರಿಂದ ಬೋಧನಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿಂದ ಇಲ್ಲಿಗೆ ಬಂದವರಿಂದ ನಮ್ಮ ಶಾಲೆಯೂ ತೆಗೆದುಕೊಳ್ಳುವುದಿಲ್ಲ. ವಾಣಿಜ್ಯವನ್ನೂ ಆಡಳಿತಶಾಸ್ತ್ರವನ್ನೂ ಓದುವ ನಮ್ಮ ವಿದ್ಯಾರ್ಥಿಗಳು ಹೀಗೆ ಹೋಗುವ ದೇಶಗಳಲ್ಲಿ ಫ್ರಾನ್ಸು ಮುಖ್ಯವಾದುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನಂಥ ಸಂಸ್ಥೆಗಳು ಫ್ರೆಂಚ್ ವಾಣಿಜ್ಯಶಾಲೆಗಳೊಡನೆ ಈ ವಿಷಯದಲ್ಲಿ ಒಡಂಬಡಿಕೆ ಮಾಡಿಕೊಂಡಿವೆ.

ಉಭಯ ಸರಕಾರಗಳ ಒಲವೂ ಇದಕ್ಕೆ ಅನುಕೂಲವಾಗಿದೆ. 2018ರ ಮಾರ್ಚಿಯಲ್ಲಿ ಎರಡು ದೇಶಗಳು ಒಂದರ ಪದವಿಗಳನ್ನು ಇನ್ನೊಂದು ಮಾನ್ಯ ಮಾಡುವ ಒಪ್ಪಂದಕ್ಕೆ ಬಂದವು. 2024ರ ಜನವರಿ 26ರಂದು ನಮ್ಮ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ಅಧ್ಯಕ್ಷ ಮ್ಯಾಕ್ರೋನ್ ಅವರು, 2030ರ ವೇಳೆಗೆ 30,000 ಮಂದಿ ಭಾರತೀಯ ವಿದ್ಯಾರ್ಥಿಗಳು ಫ್ರಾನ್ಸಿನಲ್ಲಿರಬೇಕೆಂಬ ಗುರಿಯನ್ನು ಸಾರಿದರು. ಕರೆಯುವವರು ಆದರದಿಂದ ಕರೆಯುತ್ತಿದ್ದಾರೆ. ಅದು ಸಂತೋಷದ ವಿಷಯವೇ ಸರಿ. ಆದರೆ ಹೋಗುವವರು ಏನನ್ನು ತರಲು ಹೋಗುತ್ತಾರೆಂಬ ಪ್ರಶ್ನೆಯನ್ನು ಕರೆಯುವವರು ಕೇಳಲಾರರು. ಅದನ್ನು ಕೇಳಬೇಕಾದವರು ನಾವು. ನಾಲ್ಕು ತಿಂಗಳ ಈ ವಾಸವು ವಿದ್ಯೆಯಾಗುವುದೋ ವಿಹಾರವಾಗುವುದೋ ಎಂಬುದು ವಿಮಾನ ಹತ್ತುವುದಕ್ಕೆ ಒಂದು ವರ್ಷ ಮುಂಚೆಯೇ ಗೊತ್ತಾಗಿಬಿಡುತ್ತದೆಂದೂ, ಆ ಒಂದು ವರ್ಷದ ಸಿದ್ಧತೆಯನ್ನು ಹುಡುಗರ ತಲೆಗೇ ಕಟ್ಟಿ ನಮ್ಮ ವಿದ್ಯಾಸಂಸ್ಥೆಗಳು ಕೈತೊಳೆದುಕೊಳ್ಳುವುದು ಸಲ್ಲದೆಂದೂ ನಮ್ಮ ಅಭಿಪ್ರಾಯ.

ಮೊದಲು ಆ ಶಾಲೆಗಳು ಎಂಥವೆಂಬುದನ್ನು ತಿಳಿಯುವುದು ಯುಕ್ತ. ಅವು ಹುಟ್ಟಿದ ಬಗೆಯಲ್ಲಿಯೇ ನಮಗೆ ಪಾಠವುಂಟು. ಪ್ಯಾರಿಸಿನಲ್ಲಿ 1819ರಲ್ಲಿ ಆರಂಭವಾದ, ಈಗ ಇ.ಎಸ್.ಸಿ.ಪಿ. ಎಂದು ಪ್ರಸಿದ್ಧವಾಗಿರುವ ಶಾಲೆಗೆ ಅರ್ಥಶಾಸ್ತ್ರಜ್ಞನಾದ ಜಾನ್ ಬತೀಸ್ತ್ ಸೇ ಎಂಬವನ ಬೆಂಬಲವಿದ್ದಿತು. 1869ರಲ್ಲಿ ಪ್ಯಾರಿಸಿನ ವಾಣಿಜ್ಯ ಮಂಡಲಿಯು ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮರುವರ್ಷವೇ ಪ್ರಷ್ಯದೊಡನೆ ಯುದ್ಧ. ಆ ಯುದ್ಧದಲ್ಲಿ ಫ್ರಾನ್ಸು ಸೋತು ಆಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಕಳೆದುಕೊಂಡುದಲ್ಲದೆ 500 ಕೋಟಿ ಫ್ರಾಂಕುಗಳ ದಂಡವನ್ನು ತೆರಬೇಕಾಯಿತು. ಇಂಥ ಅವಮಾನವನ್ನುಂಡ ಜನಾಂಗವು ಏನು ಮಾಡಿತು? ದಂಡವನ್ನು ಗಡುವಿಗೆ ಮುಂಚೆಯೇ, 1873ರಲ್ಲಿ, ತೀರಿಸಿತು. ಅದೇ ಕಾಲದಲ್ಲಿ ಊರೂರಿನ ವರ್ತಕರು ಮುಂದೆ ಬಂದು ವಾಣಿಜ್ಯಶಾಲೆಗಳನ್ನು ತೆರೆದರು. 1871ರಲ್ಲಿ ಲ ಹಾವ್ರ್ ಮತ್ತು ರುವಾನ್ ಪಟ್ಟಣಗಳಲ್ಲಿ, 1872ರಲ್ಲಿ ಲಿಯೋನ್ ಮತ್ತು ಮಾರ್ಸೇಯಿಯಲ್ಲಿ, 1874ರಲ್ಲಿ ಬೋರ್ದೋದಲ್ಲಿ ಶಾಲೆಗಳು ತಲೆಯೆತ್ತಿದವು. 1881ರಲ್ಲಿ ಪ್ಯಾರಿಸಿನ ವಾಣಿಜ್ಯ ಮಂಡಲಿಯು ಎಚ್.ಇ.ಸಿ. ಎಂಬ ಶಾಲೆಯನ್ನು ಸ್ಥಾಪಿಸಿತು. ಇವತ್ತು ನಮ್ಮ ತರುಣರು ಆಸೆಯಿಂದ ನೋಡುವ ಶಾಲೆಗಳಲ್ಲಿ ಹಲವು ಹೀಗೆ ಸೋತ ದೇಶವೊಂದು ಛಲದಿಂದ ಕಟ್ಟಿದವುಗಳು. ಅವುಗಳನ್ನು ಕಟ್ಟಿದವರು ಬಹುಮಟ್ಟಿಗೆ ಅಂಗಡಿ, ಗಿರಣಿ, ಹಡಗುಗಳ ಒಡೆಯರು. ಸರಕಾರದ ದಾರಿಯನ್ನು ಕಾಯುತ್ತ ಕುಳಿತವರಲ್ಲ.

ಅಲ್ಲಿಯ ವಿದ್ಯಾರ್ಥಿಯೂ ಸಾಮಾನ್ಯನಲ್ಲ. ಪ್ರೌಢಶಾಲೆಯನ್ನು ಮುಗಿಸಿದ ಮೇಲೆ ಎರಡು ವರ್ಷ ಪೂರ್ವಸಿದ್ಧತೆಯ ತರಗತಿಯಲ್ಲಿ ಗಣಿತ, ತತ್ತ್ವಶಾಸ್ತ್ರ, ಇತಿಹಾಸ, ಎರಡು ಪರಭಾಷೆಗಳು ಇವನ್ನೆಲ್ಲ ಅರೆದು ಕುಡಿದು, ದೇಶವ್ಯಾಪಿಯಾದ ಸ್ಪರ್ಧಾಪರೀಕ್ಷೆಯಲ್ಲಿ ಗೆದ್ದು ದೊಡ್ಡ ಶಾಲೆಗಳನ್ನು ಸೇರಿದವರು ಅಲ್ಲಿ ಬಹುಮಂದಿ. ನಮ್ಮ ಪ್ರವೇಶಪರೀಕ್ಷೆಗಳ ಕಷ್ಟವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ವ್ಯತ್ಯಾಸವಿರುವುದು ತತ್ತ್ವಶಾಸ್ತ್ರದಲ್ಲಿ. ಲೆಕ್ಕಪತ್ರ ಕಲಿಯಲಿಕ್ಕೆ ತತ್ತ್ವಶಾಸ್ತ್ರವೇಕೆಂದು ನಮ್ಮಲ್ಲಿ ಕೇಳುವವರು ಬಹಳ. ಹೀಗೆ ಓದಿ ಬಂದವನ ಪಕ್ಕದಲ್ಲಿ ಕುಳಿತು ನಾಲ್ಕು ತಿಂಗಳು ವಾದಿಸಿದರೆ ಉತ್ತರವು ತಾನಾಗಿ ದೊರೆತೀತು.

ಕನ್ನಡ ನಾಡಿನಿಂದ ಫ್ರಾನ್ಸಿಗೆ ಒಂದು ಉದ್ದೇಶವನ್ನಿಟ್ಟುಕೊಂಡು ಜನರನ್ನು ಕಳುಹಿಸಿದ ಹಳೆಯ ಪ್ರಸಂಗವೊಂದುಂಟು. ಶ್ರೀರಂಗಪಟ್ಟಣದಿಂದ ಟೀಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿ, 1788ರ ಜೂನಿನಲ್ಲಿ ತುಲೋನ್ ಬಂದರಿನಲ್ಲಿ ಇಳಿದು, ಆಗಸ್ಟ್ 10ರಂದು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಭೇಟಿ ಮಾಡಿದರು. ಅವರು ಬೇಡಿದುದು ಇಂಗ್ಲಿಷರಿಗೆದುರಾಗಿ ಸೈನ್ಯದ ನೆರವನ್ನು, ಕುಶಲ ಕೆಲಸಗಾರರನ್ನು, ಗಿಡಬೀಜಗಳನ್ನು. ಪ್ಯಾರಿಸಿನ ಜನರು ಅವರ ಉಡುಪನ್ನು ನೋಡಲು ಗುಂಪುಗೂಡಿದರು, ಸತ್ಕಾರಕ್ಕೇನೂ ಕೊರತೆಯಾಗಲಿಲ್ಲ. ಆದರೆ ಆ ಭೇಟಿ ನಡೆದ ಆರನೆಯ ದಿನ ಫ್ರಾನ್ಸಿನ ಬೊಕ್ಕಸವು ಹಣ ಪಾವತಿಯನ್ನು ನಿಲ್ಲಿಸಿತು. ವರ್ಷ ತುಂಬುವುದರೊಳಗೆ ಬಾಸ್ತೀಲ್ ಸೆರೆಮನೆಯು ಬಿದ್ದಿತು. ಕೊಡಲು ಕೈಯಲ್ಲಿ ಏನೂ ಇಲ್ಲದವನ ಬಾಗಿಲಿಗೆ ಅಷ್ಟು ದೂರ ಹೋದಂತಾಯಿತು. ಕೆಲವು ಮಂದಿ ಕೆಲಸಗಾರರು ಬಂದರು, ಸೈನ್ಯವು ಬರಲಿಲ್ಲ. ಆ ಕಾಲದಲ್ಲಿ ಫ್ರಾನ್ಸಿನ ಒಳಸ್ಥಿತಿಯನ್ನು ಶ್ರೀರಂಗಪಟ್ಟಣದಲ್ಲಿ ಕುಳಿತು ತಿಳಿಯುವುದು ದುಸ್ಸಾಧ್ಯವಾಗಿದ್ದಿತು. ಈಗಿನ ತರುಣನಿಗೆ ಆ ನೆಪವಿಲ್ಲ. ಅವನು ಹೋಗುವ ಶಾಲೆಯ ಪಾಠಪಟ್ಟಿ, ಅಧ್ಯಾಪಕರ ಹೆಸರು, ಊರಿನ ನಕ್ಷೆ, ಮನೆಬಾಡಿಗೆಯ ದರ, ಎಲ್ಲವೂ ಮನೆಯಲ್ಲಿಯೇ ಅವನ ಕೈಗೆ ಸಿಕ್ಕುತ್ತವೆ. ಹಾಗಿದ್ದೂ ಅವನು ಶಾಲೆಯನ್ನು ಆರಿಸುವುದು ಸಾಮಾನ್ಯವಾಗಿ ಪ್ಯಾರಿಸೆಂಬ ಒಂದು ಹೆಸರನ್ನು ನೋಡಿ.

ಪ್ಯಾರಿಸಿನ ಹೆಸರಿಗೆ ಮರುಳಾದವನು ತಲಪುವುದಾದರೂ ಎಲ್ಲಿಗೆ? ಎಚ್.ಇ.ಸಿ. ಶಾಲೆಯು 1964ರಿಂದ ಇರುವುದು ಪ್ಯಾರಿಸಿಗೆ ಸುಮಾರು 20 ಕಿಲೋಮೀಟರ್ ದೂರದ ಜುಯಿ ಆನ್ ಜೊಸಾಸ್ ಎಂಬ ಮರಗಿಡಗಳ ಊರಿನಲ್ಲಿ. 1907ರಲ್ಲಿ ಸ್ಥಾಪಿತವಾದ ಎಸ್ಸೆಕ್ ಶಾಲೆಯ ಮುಖ್ಯ ಆವರಣವು ಸುಮಾರು 30 ಕಿಲೋಮೀಟರ್ ದೂರದ ಸೆರ್ಜಿಯಲ್ಲಿ. ದೀಪಗಳ ನಗರಿಯ ಕನಸು ಕಂಡವನಿಗೆ ಸಿಕ್ಕುವುದು ಉಪನಗರದ ರೈಲು, ಬೇಗ ಕವಿಯುವ ಚಳಿಗಾಲದ ಕತ್ತಲೆ. ಇದರಲ್ಲಿ ನಷ್ಟವೇನೂ ಇಲ್ಲ, ಮೊದಲೇ ತಿಳಿದಿದ್ದರೆ. ನಮ್ಮನ್ನು ಕೇಳಿದರೆ, ವ್ಯಾಪಾರವನ್ನು ಕಲಿಯಹೋಗುವವನು ರಾಜಧಾನಿಯನ್ನು ಬಿಟ್ಟು ಲಿಯೋನಿನಂಥ ರೇಷ್ಮೆಯ ಊರನ್ನೋ, ಲಿಲ್ಲಿನಂಥ ಹಳೆಯ ಗಿರಣಿಗಳ ಊರನ್ನೋ, ದ್ರಾಕ್ಷಾರಸದ ವ್ಯಾಪಾರದಿಂದ ಬಾಳಿದ ಬೋರ್ದೋವನ್ನೋ ಆರಿಸುವುದು ಮೇಲು. ಬಾಡಿಗೆಯೂ ಕಡಿಮೆ, ಮಾತನಾಡಿಸುವವರೂ ಹೆಚ್ಚು. ರೇಷ್ಮೆಯ ರಾಮನಗರದ ಹುಡುಗನೊಬ್ಬನು ಲಿಯೋನಿಗೆ ಹೋಗಿ, ನೇಯ್ಗೆಯು ಕುಗ್ಗಿದ ಮೇಲೆ ಆ ಊರು ಹೇಗೆ ಬಾಳನ್ನು ಕಟ್ಟಿಕೊಂಡಿತೆಂಬುದನ್ನು ನೋಡಿ ಬಂದನಾದರೆ, ಅದು ಯಾವ ಅಂಕಪಟ್ಟಿಯಲ್ಲಿಯೂ ಕಾಣದ ಲಾಭವು.

ಇನ್ನು ವ್ಯವಹಾರದ ಮಾತು. ಅಲ್ಲಿಯ ವಿದ್ಯಾವರ್ಷವು ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಸೆಪ್ಟೆಂಬರಿಗೆ ಹೋಗಬೇಕಾದವನು ಹಿಂದಿನ ವರ್ಷದ ಕೊನೆಯಲ್ಲಿಯೇ ಸ್ವಂತ ಶಾಲೆಯ ಆಯ್ಕೆಗೆ ನಿಲ್ಲಬೇಕು. ಶಾಲೆಯು ಅವನ ಹೆಸರನ್ನು ಫ್ರಾನ್ಸಿಗೆ ಕಳುಹಿಸಿ, ಅಲ್ಲಿಂದ ಪ್ರವೇಶಪತ್ರವು ಬಂದ ತರುವಾಯ ಕ್ಯಾಂಪಸ್ ಫ್ರಾನ್ಸ್ ಎಂಬ ಸರಕಾರಿ ಸಂಸ್ಥೆಯ ಮೂಲಕ ಹಾದು ವೀಸಾದ ಅರ್ಜಿಯನ್ನು ಹಾಕಬೇಕು. ಆರು ತಿಂಗಳೊಳಗಿನ ವಾಸಕ್ಕೆ ಒಂದು ಬಗೆಯ ವೀಸಾ. ಅದನ್ನು ಮೀರಿದರೆ ಇನ್ನೊಂದು ಬಗೆ, ಅದನ್ನು ಅಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಊರ್ಜಿತಪಡಿಸಿಕೊಳ್ಳಬೇಕು. ಪರೀಕ್ಷೆಯ ಕೊನೆಯ ದಿನವನ್ನು ನೋಡದೆ ತಾರೀಖನ್ನು ಬರೆದು ಕೊಟ್ಟರೆ ತೊಡಕು ತಪ್ಪಿದ್ದಲ್ಲ. ಆಗಸ್ಟ್ ತಿಂಗಳಿನಲ್ಲಿ ಫ್ರಾನ್ಸಿನ ಕಛೇರಿಗಳು ಅರ್ಧ ನಿದ್ರೆಯಲ್ಲಿರುತ್ತವೆ; ಆ ದೇಶವೆಲ್ಲ ಆಗ ರಜೆಯ ಮೇಲಿರುತ್ತದೆ. ಜುಲೈ ಕೊನೆಗೆ ಬರೆದ ಕಾಗದಕ್ಕೆ ಸೆಪ್ಟೆಂಬರಿನಲ್ಲಿ ಉತ್ತರ ಬಂದರೆ ಅದನ್ನು ಅನಾದರವೆಂದು ಭಾವಿಸಬೇಕಾದ್ದಿಲ್ಲ.

ವಸತಿಯೇ ಎಲ್ಲಕ್ಕಿಂತ ದೊಡ್ಡ ಚಿಂತೆ. ಶಾಲೆಯ ನಿಲಯದಲ್ಲಿ ಕೋಣೆ ದೊರೆತರೆ ಅರ್ಧ ಭಾರವು ಇಳಿದಂತೆ. ದೊರೆಯದಿದ್ದರೆ ಖಾಸಗಿ ಮನೆಯ ಒಡೆಯನು ಜಾಮೀನುದಾರನನ್ನು ಕೇಳುತ್ತಾನೆ, ಅದೂ ಸಾಮಾನ್ಯವಾಗಿ ಫ್ರಾನ್ಸಿನಲ್ಲಿಯೇ ಇರುವವನನ್ನು. ದಾವಣಗೆರೆಯ ತಂದೆಯ ರುಜುವಿಗೆ ಅಲ್ಲಿ ಬೆಲೆಯಿಲ್ಲ. ಇದಕ್ಕಾಗಿ ವಿಸಾಲ್ ಎಂಬ ಉಚಿತವಾದ ಜಾಮೀನಿನ ಏರ್ಪಾಡೊಂದು ಅಲ್ಲಿ ಉಂಟು. ದೀರ್ಘಾವಧಿಯ ವೀಸಾ ಪಡೆದ ತರುಣ ವಿದ್ಯಾರ್ಥಿಗಳು ಅದರ ನಿಯಮಗಳನ್ನು ನೋಡಿಕೊಂಡು ಅರ್ಜಿ ಹಾಕಬಹುದು. ಮನೆಯನ್ನು ಹೊಕ್ಕ ದಿನ ಒಡೆಯನೂ ಬಾಡಿಗೆದಾರನೂ ಕೂಡಿ ಗೋಡೆ, ನೆಲ, ನಲ್ಲಿಗಳ ಸ್ಥಿತಿಯನ್ನು ಬರೆದು ರುಜು ಹಾಕುವ ಪದ್ಧತಿಯಿದೆ. ಬಿಡುವ ದಿನ ಆ ಪಟ್ಟಿಯೊಡನೆ ತಾಳೆ ನೋಡಿಯೇ ಮುಂಗಡವನ್ನು ಹಿಂತಿರುಗಿಸುತ್ತಾರೆ. ನಮ್ಮ ಹುಡುಗನು ಸಂಕೋಚದಿಂದಲೋ ದಣಿವಿನಿಂದಲೋ ಓದದೆ ರುಜು ಹಾಕಿದನೆಂದರೆ ಹಿಂದಿನವನು ಒಡೆದ ಕಿಟಕಿಗೆ ಇವನು ಹಣ ತೆರಬೇಕಾದೀತು. ವ್ಯವಹಾರಶಾಸ್ತ್ರದ ಮೊದಲನೆಯ ಪಾಠವು ತರಗತಿಯ ಹೊರಗೇ ಆಗುವುದೆಂದರೆ ಹೀಗೆ.

ಪಾಠಗಳ ವಿಷಯದಲ್ಲಿ ಆಗುವ ಹಾನಿಯು ಇದಕ್ಕಿಂತ ಗಂಭೀರವಾದುದು. ಯುರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್‌ಗಳೆಂದು ಲೆಕ್ಕ. ನಮ್ಮ ಶಾಲೆಗಳ ಲೆಕ್ಕವು ಬೇರೆ. ಅಲ್ಲಿಯ ಯಾವ ಪಾಠಕ್ಕೆ ಇಲ್ಲಿ ಎಷ್ಟು ಮನ್ನಣೆ ದೊರೆಯುವುದೆಂಬುದನ್ನು ಹೊರಡುವುದಕ್ಕೆ ಮುಂಚೆಯೇ ಬರಹದಲ್ಲಿ ಪಡೆಯದವನು ಮರಳಿದ ಮೇಲೆ ಅಲೆದಾಡಬೇಕಾಗುತ್ತದೆ. ಬೇಡಿಕೆಯಿರುವ ಪಾಠಗಳು ಬೇಗ ತುಂಬಿಹೋಗುವುದರಿಂದ ಎರಡನೆಯ ಮೂರನೆಯ ಆಯ್ಕೆಗಳಿಗೂ ಒಪ್ಪಿಗೆಯನ್ನು ತೆಗೆದುಕೊಂಡಿರಬೇಕು. ಅಂಕಗಳ ಸಂಗತಿಯಂತೂ ನಮ್ಮವರಿಗೆ ವಿಚಿತ್ರವಾಗಿ ತೋರುವುದು. ಫ್ರಾನ್ಸಿನಲ್ಲಿ 20ಕ್ಕೆ ಅಂಕ ಕೊಡುತ್ತಾರೆ; 10 ಬಂದರೆ ತೇರ್ಗಡೆ. 14 ಬಂದವನು ಚೆನ್ನಾಗಿ ಬರೆದವನು, 16 ಬಂದವನು ಬಲು ಚೆನ್ನಾಗಿ ಬರೆದವನು. 18ನ್ನು ಕಾಣುವುದು ಅಪರೂಪ. ಇಲ್ಲಿಯ ಪರೀಕ್ಷಾ ವಿಭಾಗದವರು ಆ 14ನ್ನು ಬರಿಯ ಗುಣಾಕಾರದಿಂದ ನೂರಕ್ಕೆ 70 ಎಂದು ಮಾಡಿ ಪಟ್ಟಿಯಲ್ಲಿ ಬರೆದುಬಿಟ್ಟರೆ, ಶ್ರಮಪಟ್ಟು ಓದಿದವನು ಊರಿನಲ್ಲಿಯೇ ಉಳಿದು 85 ತೆಗೆದವನ ಹಿಂದೆ ಬೀಳುತ್ತಾನೆ. ಅಂಕಕ್ಕೆ ಹೆದರಿ ಪ್ರಾಜ್ಞನು ಮನೆಯಲ್ಲಿ ಉಳಿಯುವುದೂ, ಅಂಕದ ಗೊಡವೆಯಿಲ್ಲದವನು ಹೋಗುವುದೂ ಇದರ ಫಲ. ಇದನ್ನು ತಪ್ಪಿಸುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಪರಿವರ್ತನೆಯ ನ್ಯಾಯವಾದ ಕೋಷ್ಟಕವನ್ನು ಒಡಂಬಡಿಕೆಗೆ ರುಜು ಹಾಕುವ ದಿನವೇ ಗೊತ್ತುಪಡಿಸುವುದು ಸಂಸ್ಥೆಗಳ ಮುಖ್ಯಸ್ಥರ ಕರ್ತವ್ಯ. ಭಾವಚಿತ್ರ ತೆಗೆಸಿಕೊಂಡು ಒಡಂಬಡಿಕೆಗೆ ರುಜು ಹಾಕುವ ಉತ್ಸಾಹದಲ್ಲಿ ಈ ಚಿಲ್ಲರೆ ಕೆಲಸವು ಹಿಂದೆ ಬೀಳುವುದುಂಟು.

ಭಾಷೆಯ ವಿಚಾರವನ್ನು ಸ್ವಲ್ಪ ವಿಸ್ತರಿಸುವುದು ಅವಶ್ಯ. ಅಲ್ಲಿಯ ವಾಣಿಜ್ಯಶಾಲೆಗಳಲ್ಲಿ ಈಗ ಅನೇಕ ಪಾಠಗಳು ಇಂಗ್ಲೀಷಿನಲ್ಲಿಯೇ ನಡೆಯುತ್ತವೆ. ಆದ್ದರಿಂದ ಫ್ರೆಂಚ್ ಬಾರದಿದ್ದರೂ ನಡೆಯುತ್ತದೆಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ನಡೆಯುತ್ತದೆ, ನಿಜ. ತರಗತಿಯಲ್ಲಿ ಇಂಗ್ಲೀಷು, ಕೋಣೆಯಲ್ಲಿ ಸ್ವದೇಶದ ಸ್ನೇಹಿತರು, ಶನಿವಾರ ಭಾನುವಾರ ಸ್ವಿಟ್ಜರ್ಲೆಂಡೋ ಸ್ಪೇನೋ. ಡಿಸೆಂಬರಿನಲ್ಲಿ ಹಿಂತಿರುಗುವಾಗ ಕೈಯಲ್ಲಿ ಸಾವಿರ ಛಾಯಾಚಿತ್ರಗಳು. ಇಷ್ಟಕ್ಕೆ ಫ್ರಾನ್ಸೇ ಆಗಬೇಕೆಂದೇನೂ ಇರಲಿಲ್ಲ. ಆ ದೇಶದಲ್ಲಿ ಅಂಗಡಿಯನ್ನು ಹೊಕ್ಕೊಡನೆ ಬೊಂಜೂರ್ ಎಂದು ವಂದಿಸದೆ ಬೆಲೆ ಕೇಳುವುದು ಅಸಭ್ಯತೆ. ಆ ಒಂದು ಶಬ್ದದಿಂದ ಅಂಗಡಿಯವಳ ಮುಖವು ಅರಳುವುದಾದರೆ, ನಾಲ್ಕು ವಾಕ್ಯಗಳಿಂದ ಏನಾಗದು? ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಜಿನಂಥ ಕಡೆಗಳಲ್ಲಿ ಒಂದು ವರ್ಷ ಮುಂಚಿತವಾಗಿ ಸೇರಿ ಸಂಜೆಯ ಹೊತ್ತು ಕಲಿತರೆ ಬಾಡಿಗೆಯ ಕರಾರನ್ನು ಓದುವಷ್ಟು, ವೃತ್ತಪತ್ರಿಕೆಯ ತಲೆಬರಹಗಳನ್ನು ತಿಳಿಯುವಷ್ಟು ಭಾಷೆ ಬರುವುದು. ತನ್ನ ಭಾಷೆಯ ಮೇಲೆ ಫ್ರೆಂಚನಿಗಿರುವ ಅಭಿಮಾನವನ್ನು ಕಂಡು ಬಂದ ಕನ್ನಡಿಗನು ತನ್ನ ಭಾಷೆಯ ಕಡೆಗೂ ಒಮ್ಮೆ ತಿರುಗಿ ನೋಡಿಯಾನೆಂಬ ಸ್ವಾರ್ಥವೂ ನಮಗೆ ಇಲ್ಲದಿಲ್ಲ. ಊಟದ ಚಿಂತೆ ಮಾಡುವ ತಾಯಂದಿರಿಗೆ ಇಷ್ಟು ಹೇಳಬಹುದು: ನಿಲಯಗಳಲ್ಲಿ ಬೇಯಿಸಿಕೊಳ್ಳಲು ಅನುಕೂಲವಿರುತ್ತದೆ. ಅಕ್ಕಿ ಬೇಳೆ ಅಲ್ಲಿಯೇ ಸಿಕ್ಕುತ್ತವೆ. ಸಾರಿನ ಪುಡಿಯನ್ನು ಮಾತ್ರ ಮನೆಯಿಂದ ಕಳುಹಿಸಬೇಕು, ಮಾಡುವ ಬಗೆಯನ್ನೂ ಕಲಿಸಿ ಕಳುಹಿಸಬೇಕು.

ಈಗ ಹಣದ ಮಾತಿಗೆ ಬರೋಣ. ಈ ಏರ್ಪಾಡಿನ ನಿಜವಾದ ದೋಷವಿರುವುದು ಇಲ್ಲಿ. ಬೋಧನಶುಲ್ಕವಿಲ್ಲವೆಂಬ ಮಾತ್ರಕ್ಕೆ ಇದು ಎಲ್ಲರಿಗೂ ತೆರೆದ ಬಾಗಿಲೆಂದು ತಿಳಿಯಬಾರದು. ತಿಂಗಳಿಗೆ 615 ಯೂರೋಗಳಾದರೂ ಕೈಯಲ್ಲಿವೆಯೆಂದು ವಿದ್ಯಾರ್ಥಿಯು ವೀಸಾಕ್ಕಾಗಿ ತೋರಿಸಬೇಕು. ಐದು ತಿಂಗಳಿಗೆ 3,075 ಯೂರೋಗಳಾದವು, ಎಂದರೆ ನಮ್ಮ ಹಣದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಪ್ಯಾರಿಸಿನ ಸುತ್ತಮುತ್ತ ಅಷ್ಟರಲ್ಲಿ ಬಾಳುವುದು ಕಷ್ಟ. ವಿಮಾನದ ದರ, ವಿಮೆ, ಚಳಿಯ ಬಟ್ಟೆ ಇವು ಬೇರೆ. ಅಲ್ಲಿಯೇ ದುಡಿದು ಸರಿದೂಗಿಸುತ್ತೇನೆಂಬ ಲೆಕ್ಕವು, ಭಾಷೆ ಬಾರದೆ ನಾಲ್ಕೇ ತಿಂಗಳಿರುವವನ ಪಾಲಿಗೆ, ಕಾಗದದ ಮೇಲಿನ ಲೆಕ್ಕವಷ್ಟೇ. ಹೀಗಾಗಿ ಪರೀಕ್ಷೆಯಲ್ಲಿ ಮೊದಲಿಗನಾದ ಬಡ ಗುಮಾಸ್ತನ ಮಗನು ತನ್ನ ಹೆಸರನ್ನು ಕೊಡಲಿಕ್ಕೇ ಹಿಂಜರಿಯುತ್ತಾನೆ. ಯಾರೂ ಅವನನ್ನು ಬೇಡವೆನ್ನುವುದಿಲ್ಲ, ಅವನೇ ತನ್ನನ್ನು ಬೇಡವೆಂದುಕೊಳ್ಳುತ್ತಾನೆ. 1992ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಜಾರ್ಜ್ ಚಾರ್ಪಾಕ್ ಅವರ ಹೆಸರಿನಲ್ಲಿ ಫ್ರೆಂಚ್ ರಾಯಭಾರ ಕಛೇರಿಯು ಭಾರತೀಯರಿಗೆ ವಿದ್ಯಾರ್ಥಿವೇತನಗಳನ್ನು ಕೊಡುತ್ತದೆ. ಅದು ಫ್ರಾನ್ಸಿನ ಔದಾರ್ಯ. ನಮ್ಮದೆಲ್ಲಿ?

ಹಿಂದಿನ ಮೈಸೂರು ಸಂಸ್ಥಾನವು ವಿದ್ಯಾರ್ಥಿವೇತನವನ್ನು ಕೊಟ್ಟು ತರುಣರನ್ನು ಹೊರದೇಶಗಳಿಗೆ ಕಳುಹಿಸುತ್ತಿದ್ದಿತು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಒಂದೇ ವರ್ಷದಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಮೈಸೂರು ಛೇಂಬರ್ ಆಫ್ ಕಾಮರ್ಸ್ ಸಂಸ್ಥೆಯೂ ಹುಟ್ಟಿದುದು ಆಕಸ್ಮಿಕವಲ್ಲ. ವಿದ್ಯೆ ಒಂದು ಕಡೆ, ವ್ಯಾಪಾರ ಒಂದು ಕಡೆ ನಡೆದರೆ ದೇಶವು ನಡೆಯಲಾರದೆಂಬುದನ್ನು 1898ರಲ್ಲಿಯೇ ಜಪಾನನ್ನು ಕಂಡು ಬಂದಿದ್ದ ಆ ಮಹನೀಯರು ಬಲ್ಲವರಾಗಿದ್ದರು. ಆ ಛೇಂಬರಿನ ಉತ್ತರಾಧಿಕಾರಿ ಸಂಸ್ಥೆಯು ಬೆಂಗಳೂರಿನಲ್ಲಿ ಇಂದಿಗೂ ಇದೆ. ಹುಬ್ಬಳ್ಳಿಯಲ್ಲಿ ಇನ್ನೊಂದು ವಾಣಿಜ್ಯ ಸಂಸ್ಥೆಯಿದೆ. ಫ್ರಾನ್ಸಿನ ವಾಣಿಜ್ಯ ಮಂಡಲಿಗಳು ಶಾಲೆಗಳನ್ನೇ ಕಟ್ಟಿದವು. ನಮ್ಮವು ವರ್ಷಕ್ಕೆ ಹತ್ತು ಮಂದಿ ಬಡ ವಿದ್ಯಾರ್ಥಿಗಳ ಐದು ತಿಂಗಳ ವಸತಿಯ ವೆಚ್ಚವನ್ನು ವಹಿಸಲಾರವೆ? ಮೂವತ್ತು ನಲವತ್ತು ಲಕ್ಷ ರೂಪಾಯಿ ಈ ನಾಡಿನ ವರ್ತಕರಿಗೆ ದೊಡ್ಡ ಮೊತ್ತವಲ್ಲ. ಒಂದು ಸಮ್ಮೇಳನದ ಮಂಟಪಕ್ಕೂ ಔತಣಕ್ಕೂ ಅದಕ್ಕಿಂತ ಹೆಚ್ಚು ಖರ್ಚಾಗುವುದುಂಟು.

ಮತ್ತೊಂದು ಮಾತನ್ನು ನಮ್ಮ ವಿದ್ಯಾಸಂಸ್ಥೆಗಳು ಮರೆಯುವಂತಿಲ್ಲ. ವಿನಿಮಯವೆಂದರೆ ಕೊಟ್ಟುಕೊಳ್ಳುವುದು. ಅಲ್ಲಿಂದ ಬರುವವರ ಸಂಖ್ಯೆಗೂ ಇಲ್ಲಿಂದ ಹೋಗುವವರ ಸಂಖ್ಯೆಗೂ ಸರಿಹೊಂದಬೇಕೆಂಬುದು ಇಂಥ ಒಡಂಬಡಿಕೆಗಳ ಮೂಲಸೂತ್ರ. ಅಲ್ಲಿಂದ ಬರುವವರು ಕಡಿಮೆಯಾದರೆ ನಮ್ಮವರ ಸ್ಥಾನಗಳೂ ಕಾಲಕ್ರಮದಲ್ಲಿ ಕಡಿಮೆಯಾಗುತ್ತವೆ. ಫ್ರಾನ್ಸಿನಿಂದ ಬಂದ ವಿದ್ಯಾರ್ಥಿಗೆ ನಾವು ತೋರಿಸುವುದೇನು? ತನ್ನ ಊರಿನಲ್ಲಿಯೂ ಓದಬಹುದಾದ ಅಮೆರಿಕದ ಪಠ್ಯಪುಸ್ತಕವನ್ನು ಇಲ್ಲಿಯೂ ಓದಿಸಿ, ಗೋವೆಗೆ ಹೋಗುವ ಬಸ್ಸನ್ನು ತೋರಿಸಿದರೆ ಅವನು ಮತ್ತೊಬ್ಬನನ್ನು ಕಳುಹಿಸುವನೆ? ಶಿರಸಿಯ ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಹೇಗೆ ನಡೆಯುತ್ತವೆ, ಯಶವಂತಪುರದ ಮಂಡಿಯಲ್ಲಿ ಬೆಲೆ ಹೇಗೆ ಗೊತ್ತಾಗುತ್ತದೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಹೇಗೆ ಆಗುತ್ತದೆ, ಇವು ಅವನಿಗೆ ಲಿಯೋನಿನಲ್ಲಿ ಸಿಕ್ಕದ ಪಾಠಗಳು. ಇವುಗಳನ್ನು ಪಾಠಕ್ರಮದಲ್ಲಿ ಸೇರಿಸಿ, ಜೊತೆಗೆ ಹದಿನೈದು ದಿನ ಬಳಕೆಯ ಕನ್ನಡವನ್ನು ಕಲಿಸಿದರೆ, ಬರುವವರಿಗೂ ಲಾಭ; ಇಷ್ಟು ದಿನ ಅವುಗಳ ಕಡೆಗೆ ಕಣ್ಣೆತ್ತಿ ನೋಡದ ನಮ್ಮ ಅಧ್ಯಾಪಕರಿಗೆ ಅದಕ್ಕಿಂತ ಹೆಚ್ಚು ಲಾಭ.

ಆದಕಾರಣ ನಾವು ಸೂಚಿಸುವುದು ಇಷ್ಟು. ವಿನಿಮಯದ ಒಡಂಬಡಿಕೆಯಿರುವ ಪ್ರತಿಯೊಂದು ಸಂಸ್ಥೆಯೂ ಹೋಗುವವರ ಆಯ್ಕೆಯನ್ನು ಹನ್ನೆರಡು ತಿಂಗಳ ಮುಂಚೆ ಮುಗಿಸಿ, ಫ್ರೆಂಚ್ ಭಾಷೆಯ ಪ್ರಾರಂಭದ ಪರೀಕ್ಷೆಯನ್ನು ಕಡ್ಡಾಯ ಮಾಡಿ, ಅಂಕ ಪರಿವರ್ತನೆಯ ಕೋಷ್ಟಕವನ್ನು ಪ್ರಕಟಿಸಲಿ. ಒಡಂಬಡಿಕೆಯಿಲ್ಲದ ನಮ್ಮ ಪ್ರಾಂತೀಯ ವಿಶ್ವವಿದ್ಯಾನಿಲಯಗಳು ಪ್ಯಾರಿಸಿನ ದೊಡ್ಡ ಹೆಸರುಗಳ ಬೆನ್ನು ಹತ್ತದೆ ಫ್ರಾನ್ಸಿನ ಪ್ರಾಂತ್ಯಗಳ ಶಾಲೆಗಳೊಡನೆ ಪತ್ರವ್ಯವಹಾರವನ್ನು ಆರಂಭಿಸಲಿ. ವಾಣಿಜ್ಯ ಸಂಸ್ಥೆಗಳು ವೆಚ್ಚವನ್ನು ಕೊಟ್ಟು ಕಳುಹಿಸುವ ವಿದ್ಯಾರ್ಥಿಯು ಹೊರಡುವ ಮುನ್ನ ತಾನು ನೋಡಿ ಬರಬೇಕಾದ ಒಂದು ವಿಷಯವನ್ನು, ರೇಷ್ಮೆಯೋ ಹೈನವೋ ಬಂದರಿನ ಆಡಳಿತವೋ ಯಾವುದಾದರೊಂದನ್ನು, ಬರೆದುಕೊಟ್ಟು ಹೋಗಲಿ. ಮರಳಿದ ಮೂರು ತಿಂಗಳೊಳಗೆ ಅದರ ಮೇಲೆ ಕನ್ನಡದಲ್ಲಿ ಒಂದು ವರದಿಯನ್ನು ಬರೆದು, ಹಣ ಕೊಟ್ಟ ವರ್ತಕರ ಮುಂದೆಯೇ ನಿಂತು ಓದಲಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರವನ್ನೂ ಕೊಡಲಿ.